ಅರವತ್ತನಾಲ್ಕೋ ಅರವತ್ತೈದೋ: ಅಮೆರಿಕದ ಹಳೆಯ ಚಿನ್ನದ ನಾಣ್ಯ ಕೊಳ್ಳುವವರಿಗೆ

ಚಿನ್ನದ ನಾಣ್ಯ ಎಂದರೆ ನಮ್ಮ ಮನೆಗಳಲ್ಲಿ ನೆನಪಾಗುವುದು ಪವನು. ಅದನ್ನು ತೂಗುತ್ತೇವೆ, ಅವತ್ತಿನ ದರಕ್ಕೆ ಗುಣಿಸುತ್ತೇವೆ, ಅಲ್ಲಿಗೆ ಲೆಕ್ಕ ಮುಗಿಯಿತು. ಅಜ್ಜಿಯ ಕಾಸಿನ ಸರದ ಕಾಸು ಸವೆದಿದ್ದರೇನು, ಹೊಚ್ಚ ಹೊಸದಾಗಿದ್ದರೇನು, ಅಕ್ಕಸಾಲಿಗನ ತಕ್ಕಡಿಗೆ ಎರಡೂ ಒಂದೇ. ಅಮೆರಿಕದ ಹಳೆಯ ಚಿನ್ನದ ನಾಣ್ಯಗಳ ಪೇಟೆಗೆ ಹೋಗುವವರು ಈ ಲೆಕ್ಕವನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಹೋಗಬೇಕು. ಅಲ್ಲಿ ಒಂದೇ ವರ್ಷದ, ಒಂದೇ ಟಂಕಸಾಲೆಯ, ಒಂದೇ ತೂಕದ ಎರಡು ನಾಣ್ಯಗಳಲ್ಲಿ ಒಂದರ ಕೆನ್ನೆಯ ಮೇಲೆ ನಾಲ್ಕು ಗೀರು ಹೆಚ್ಚಿದ್ದರೆ ಬೆಲೆ ಅರ್ಧಕ್ಕೂ ಕೆಳಗಿಳಿಯುವುದುಂಟು.

‘ಹೇಗೂ ಚಿನ್ನ ತಗೋತೀವಿ, ಬಿಸ್ಕತ್ತಿನ ಬದಲು ಹಳೇ ನಾಣ್ಯ ತಗೊಂಡ್ರೆ ಹೇಗೆ?’ ಎಂದು ಇಲ್ಲಿ ಅಮೆರಿಕದಲ್ಲಿ ನೆಲೆಸಿರುವ ಗೆಳೆಯರು ಆಗಾಗ ಕೇಳುತ್ತಾರೆ. ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ: ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ, ಬರೀ ನೋಡಿ. ಆ ಆರು ತಿಂಗಳಲ್ಲಿ ಏನು ನೋಡಬೇಕು, ಆಮೇಲೆ ಹೇಗೆ ಕೊಳ್ಳಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಏನೇನಿದೆ ಎಂಬ ಪರಿಚಯ

ಅಮೆರಿಕ ಸರ್ಕಾರ ಚಲಾವಣೆಗೆಂದು ಚಿನ್ನದ ನಾಣ್ಯ ಹೊಡೆದದ್ದು 1795ರಿಂದ 1933ರವರೆಗೆ. ಹತ್ತು ಡಾಲರಿನ ನಾಣ್ಯಕ್ಕೆ ಈಗಲ್ ಎಂದು ಹೆಸರು. ಇಪ್ಪತ್ತರದು ಡಬಲ್ ಈಗಲ್, ಐದರದು ಹಾಫ್ ಈಗಲ್, ಎರಡೂವರೆಯದು ಕ್ವಾರ್ಟರ್ ಈಗಲ್. ಇವಲ್ಲದೆ ಒಂದು ಡಾಲರಿನ ಪುಟಾಣಿ ನಾಣ್ಯ 1849ರಿಂದ 1889ರವರೆಗೂ, ಮೂರು ಡಾಲರಿನದು 1854ರಿಂದ 1889ರವರೆಗೂ ಬಂದವು. 1837ರಿಂದೀಚೆಗೆ ಎಲ್ಲದರಲ್ಲೂ ನೂರಕ್ಕೆ ತೊಂಬತ್ತು ಪಾಲು ಚಿನ್ನ. ಡಬಲ್ ಈಗಲ್ 33.436 ಗ್ರಾಂ ತೂಗುತ್ತದೆ, ಹಾಫ್ ಈಗಲ್ 8.359 ಗ್ರಾಂ. ನಮ್ಮ ಪವನು ಎಂದರೆ ಬ್ರಿಟಿಷ್ ಸಾವರಿನ್. ಅದರ ತೂಕ ಎಂಟು ಗ್ರಾಂಗೆ ಕೂದಲೆಳೆ ಕಡಿಮೆ, ಆದರೆ ಅದು 22 ಕ್ಯಾರೆಟ್. ಹೀಗಾಗಿ ಪವನಿನಲ್ಲೂ ಹಾಫ್ ಈಗಲ್‌ನಲ್ಲೂ ಇರುವ ಅಪ್ಪಟ ಚಿನ್ನದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ: 7.32 ಗ್ರಾಂ ಮತ್ತು 7.52 ಗ್ರಾಂ.

ಟಂಕಸಾಲೆಯ ಗುರುತು ಒಂದೋ ಎರಡೋ ಅಕ್ಷರದ್ದು. ಫಿಲಡೆಲ್ಫಿಯಾದ ನಾಣ್ಯಕ್ಕೆ ಗುರುತೇ ಇಲ್ಲ. ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ, ಓ ಅಂದರೆ ನ್ಯೂ ಆರ್ಲಿಯನ್ಸ್, ಸಿಸಿ ಅಂದರೆ ನೆವಾಡಾದ ಕಾರ್ಸನ್ ಸಿಟಿ, ಬರೀ ಸಿ ಅಂದರೆ ಷಾರ್ಲೆಟ್. ಡಿ ಮಾತ್ರ ಎರಡು ಊರಿನದು: 1838ರಿಂದ 1861ರವರೆಗಿನದು ಜಾರ್ಜಿಯಾದ ಡಲಾನಿಗಾ, 1906ರಿಂದೀಚಿನದು ಡೆನ್ವರ್. ಡಲಾನಿಗಾ, ಷಾರ್ಲೆಟ್ ಎರಡೂ ಸುತ್ತಮುತ್ತ ಸಿಕ್ಕ ಚಿನ್ನವನ್ನು ಅಲ್ಲೇ ನಾಣ್ಯವಾಗಿಸಲು ಹುಟ್ಟಿದ ಸಣ್ಣ ಟಂಕಸಾಲೆಗಳು. ಅಂತರ್ಯುದ್ಧ ಶುರುವಾದ ವರ್ಷವೇ ಬಾಗಿಲು ಹಾಕಿದವು.

ಎಷ್ಟು ಹೊಡೆದರು ಎನ್ನುವುದಕ್ಕಿಂತ ಎಷ್ಟು ಕರಗಿಸಿದರು ಎಂದು ಕೇಳಿ

ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪುಸ್ತಕದಲ್ಲಿ ಪ್ರತಿ ನಾಣ್ಯದ ಪಕ್ಕ ಆ ವರ್ಷ ಎಷ್ಟು ಹೊಡೆದರು ಎಂಬ ಸಂಖ್ಯೆ ಇರುತ್ತದೆ. ಅದನ್ನು ನೋಡಿ ‘ಇದು ಲಕ್ಷಗಟ್ಟಲೆ ಇದೆ, ಅಗ್ಗ’ ಎಂದುಕೊಂಡರೆ ಕೆಟ್ಟಿರಿ. ಅಮೆರಿಕದ ಚಿನ್ನ ಎರಡು ಸಲ ಕುಲುಮೆ ಕಂಡಿದೆ.

ಮೊದಲನೆಯದು 1834ರ ಹೊತ್ತಿಗೆ. ಅಲ್ಲಿಯವರೆಗೆ ಕಾನೂನು ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ ಎಂದು ಕಟ್ಟಿತ್ತು, ಹೊರಗಿನ ಪೇಟೆಯಲ್ಲಿ ಚಿನ್ನಕ್ಕೆ ಅದಕ್ಕಿಂತ ಹೆಚ್ಚು ಬೆಲೆ. ಐದು ಡಾಲರಿನ ನಾಣ್ಯದೊಳಗೆ ಐದು ಡಾಲರಿಗೂ ಮೀರಿದ ಚಿನ್ನ! ಸುಮ್ಮನೆ ಬಿಡುತ್ತಾರೆಯೇ? ಹಡಗಿಗೇರಿಸಿ ಯೂರೋಪಿಗೆ ಒಯ್ದು ಕರಗಿಸಿದರು. 1834ರಲ್ಲಿ ನಾಣ್ಯದ ಚಿನ್ನವನ್ನೇ ಕಡಿಮೆ ಮಾಡಿದಾಗ ಉಳಿದ ಹಳೆಯವೂ ಕುಲುಮೆಗೆ ಹೋದವು. 1822ರ ಹಾಫ್ ಈಗಲ್ ಇವತ್ತು ಲೋಕದಲ್ಲಿ ಮೂರೇ ಮೂರು. ಎರಡು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿವೆ, ಮೂರನೆಯದು 2021ರಲ್ಲಿ 84 ಲಕ್ಷ ಡಾಲರಿಗೆ ಹರಾಜಾಯಿತು.

ಎರಡನೆಯ ಕುಲುಮೆ 1933ರದು. ಆ ಏಪ್ರಿಲ್‌ನಲ್ಲಿ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯಂತೆ ಜನ ತಮ್ಮ ಚಿನ್ನವನ್ನು ಬ್ಯಾಂಕಿಗೊಪ್ಪಿಸಬೇಕಾಯಿತು. ಸಂಗ್ರಾಹಕರು ಬೆಲೆಕಟ್ಟುವ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತು. ಟಂಕಸಾಲೆಯ ಉಗ್ರಾಣಗಳಲ್ಲಿ ಚೀಲ ಬಿಚ್ಚದೆ ಕೂತಿದ್ದ ಡಬಲ್ ಈಗಲ್‌ಗಳೆಲ್ಲ ಕರಗಿ ಗಟ್ಟಿಗಳಾದವು. ಅದಕ್ಕೇ 1927ರ ಡೆನ್ವರ್ ಡಬಲ್ ಈಗಲ್ 1,80,000 ಹೊಡೆದಿದ್ದರೂ ಈಗ ಸಿಗುವುದು ಹದಿನೈದರೊಳಗೆ. 1933ರದ್ದು 4,45,500 ಹೊಡೆದಿದ್ದರು; ಕಾನೂನುಬದ್ಧವಾಗಿ ಖಾಸಗಿಯವರ ಕೈಯಲ್ಲಿರುವುದು ಒಂದೇ ಒಂದು, ಅದು 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹೋಯಿತು. ಬೇರೊಂದು 1933ರ ಡಬಲ್ ಈಗಲ್ ಇದೆ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ನಗುತ್ತಾ ಎದ್ದು ಬನ್ನಿ. ನಕಲಿಯಾದರೆ ದುಡ್ಡು ಹೋಗುತ್ತದೆ, ಅಸಲಿಯಾದರೆ ಸರ್ಕಾರ ಒಯ್ಯುತ್ತದೆ.

ಇದರ ತಿರುವುಮುರುವೂ ಆಗುತ್ತದೆ. 1924ರ ಸ್ಯಾನ್ ಫ್ರಾನ್ಸಿಸ್ಕೊ ಡಬಲ್ ಈಗಲ್ 1940ರ ದಶಕದಲ್ಲಿ ಇಡೀ ಸಾಲಿನಲ್ಲೇ ಅತಿ ವಿರಳವಾದವುಗಳಲ್ಲಿ ಒಂದು ಎನಿಸಿಕೊಂಡಿತ್ತು. ಆಮೇಲೆ ನೋಡಿದರೆ ಯೂರೋಪಿನ ಬ್ಯಾಂಕುಗಳ ನೆಲಮಾಳಿಗೆಯಿಂದ ಒಂದೊಂದಾಗಿ ಹೊರಬಂತು. 1857ರ ಎಸ್ ಗುರುತಿನ ಡಬಲ್ ಈಗಲ್ ಕಥೆಯಂತೂ ಇನ್ನೂ ಸೊಗಸು. ಹೊಸ ನಾಣ್ಯಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಹಡಗಿನಲ್ಲಿ ಪನಾಮಾಕ್ಕೆ ಬಂದು, ರೈಲಿನಲ್ಲಿ ಆಚೆ ದಡ ಸೇರಿ, ಎಸ್‌ಎಸ್ ಸೆಂಟ್ರಲ್ ಅಮೆರಿಕ ಎಂಬ ಹಡಗನ್ನೇರಿದವು. 1857ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಆ ಹಡಗು ನಾನೂರಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. 1988ರಲ್ಲಿ ಅದರ ಚಿನ್ನ ಮೇಲೆ ಬರತೊಡಗಿದಾಗ ನೋಡಿದರೆ ಐದು ಸಾವಿರಕ್ಕೂ ಹೆಚ್ಚು ಡಬಲ್ ಈಗಲ್‌ಗಳು ನಿನ್ನೆ ಅಚ್ಚಿನಿಂದ ಇಳಿದಂತಿದ್ದವು. ಅದಕ್ಕೆ ಮೊದಲು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದೇ ಕಷ್ಟವಾಗಿದ್ದ ನಾಣ್ಯ ಈಗ ಆ ಕಾಲದ ಡಬಲ್ ಈಗಲ್‌ಗಳಲ್ಲೇ ಸುಲಭವಾಗಿ, ಬಲು ಚಂದದ ರೂಪದಲ್ಲಿ ಸಿಗುವಂಥದ್ದು.

ಹಾಗಾಗಿ ಒಂದು ನಾಣ್ಯ ಮನಸ್ಸಿಗೆ ಬಂದ ಕೂಡಲೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಟ್ಟು ಎಷ್ಟು ಉಳಿದಿವೆ? ನನಗೆ ಬೇಕಾದ ದರ್ಜೆಯಲ್ಲಿ ಎಷ್ಟಿವೆ? ಎಲ್ಲಾದರೂ ಇನ್ನೊಂದು ಚೀಲ ಬಚ್ಚಿಟ್ಟುಕೊಂಡಿರಬಹುದೇ? ಕೊನೆಯದಕ್ಕೆ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಲಕ್ಷಗಟ್ಟಲೆ ಹೊಡೆದಿದ್ದೂ ‘ಉತ್ತಮ ದರ್ಜೆಯಲ್ಲಿ ಮಾತ್ರ ವಿರಳ’ ಎನಿಸಿರುವ ನಾಣ್ಯಕ್ಕೆ ಆಸ್ತಿ ಮಾರಿ ಬೆಲೆ ತೆರುವವರು ಆ ಪ್ರಶ್ನೆಯನ್ನು ಎರಡು ಸಲ ಕೇಳಿಕೊಳ್ಳಬೇಕು.

ಎಪ್ಪತ್ತರ ಏಣಿ

ದರ್ಜೆಯ ಅಳತೆ 1ರಿಂದ 70ರವರೆಗೆ. ವಿಲಿಯಂ ಶೆಲ್ಡನ್ 1949ರಲ್ಲಿ ಇದನ್ನು ಮಾಡಿದ್ದು ಹಳೆಯ ತಾಮ್ರದ ಸೆಂಟ್‌ಗಳಿಗಾಗಿ, ಆಮೇಲೆ ಎಲ್ಲ ನಾಣ್ಯಕ್ಕೂ ಅದೇ ಬಂತು. 50ರಿಂದ 58ರವರೆಗಿನವು ‘ಎಯು’: ಸ್ವಲ್ಪವೇ ಓಡಾಡಿದವು, ಎತ್ತರದ ಜಾಗಗಳಲ್ಲಿ ಸವೆತದ ನೆರಳು ಕಾಣುತ್ತದೆ. 60ರಿಂದ ಮೇಲಿನವು ‘ಎಂಎಸ್’, ಅಂದರೆ ಚಲಾವಣೆಯ ಸವೆತವಿಲ್ಲದವು. ಸವೆತವೇ ಇಲ್ಲ ಎಂದಮೇಲೆ 60ಕ್ಕೂ 67ಕ್ಕೂ ಏನು ವ್ಯತ್ಯಾಸ? ಚೀಲದ ಗೀರು. ಚಿನ್ನ ಮೆತ್ತಗಿನ ಲೋಹ. ಡಬಲ್ ಈಗಲ್‌ನಂಥ ಭಾರದ ನಾಣ್ಯಗಳನ್ನು ಚೀಲಕ್ಕೆ ತುಂಬಿ ಗಾಡಿಗೆ ಎಸೆದರೆ ಒಂದರ ಅಂಚು ಇನ್ನೊಂದರ ಕೆನ್ನೆಗೆ ಬಡಿಯುತ್ತದೆ. ಯೂರೋಪಿಗೆ ಹೋಗಿ ಬಂದ ನಾಣ್ಯಗಳ ಮುಖ ನೋಡಿದರೆ ಸಾಗರದಾಚೆಯ ಪ್ರಯಾಣ ಎಷ್ಟು ಒರಟಾಗಿತ್ತು ಎಂದು ತಿಳಿಯುತ್ತದೆ.

ಎತ್ತರದ ದರ್ಜೆ ಎನ್ನುವುದೂ ಸಾಲಿನಿಂದ ಸಾಲಿಗೆ ಬೇರೆ. 1908ರ, ‘ಇನ್ ಗಾಡ್ ವಿ ಟ್ರಸ್ಟ್’ ಎಂಬ ಬರಹವಿಲ್ಲದ ಡಬಲ್ ಈಗಲ್‌ಗಳ ದೊಡ್ಡ ಗಂಟೊಂದು ಒಳ್ಳೆಯ ಸ್ಥಿತಿಯಲ್ಲೇ ಉಳಿದು ಬಂದಿದೆ, ಅದರಲ್ಲಿ 66 ಕೂಡ ಕಾಣದ ವಸ್ತುವೇನಲ್ಲ. 1870ರ ಕಾರ್ಸನ್ ಸಿಟಿ ಡಬಲ್ ಈಗಲ್ ಹೊಡೆದದ್ದೇ 3,789. ಗಡಿನಾಡಿನ ಜನ ಅದನ್ನು ದುಡ್ಡಾಗಿಯೇ ಬಳಸಿ ಸವೆಸಿಬಿಟ್ಟರು; ಎಂಎಸ್ ದರ್ಜೆಯದು ಒಂದೂ ಕಂಡಿಲ್ಲ. ಅಲ್ಲಿ ಎಯು 50 ಅಂದರೆ ಕಿರೀಟ. ಡಲಾನಿಗಾದ ನಾಣ್ಯಗಳಲ್ಲಿ ಅಚ್ಚೇ ಅರೆಬರೆಯಾಗಿ ಬಿದ್ದಿರುತ್ತದೆ. ಅದನ್ನು ಸವೆತ ಎಂದು ತಿಳಿದು ಒಳ್ಳೆಯದನ್ನು ಬಿಟ್ಟವರೂ, ನಿಜವಾದ ಸವೆತವನ್ನು ‘ಅಚ್ಚು ಮಂದ, ಅಷ್ಟೇ’ ಎಂಬ ಮಾರುವವನ ಮಾತಿಗೆ ಒಪ್ಪಿಕೊಂಡವರೂ ಇದ್ದಾರೆ.

ದಾರಿ ಕಿರಿದಾಗಿರಲಿ

ಚಿನ್ನ ಎಲ್ಲವನ್ನೂ ಕೂಡಿಡುತ್ತೇನೆ ಎಂದು ಹೊರಟು ಗೆದ್ದವರು ಬೆರಳೆಣಿಕೆ. ಬಾಲ್ಟಿಮೋರಿನ ಲೂಯಿ ಎಲಿಯಾಸ್‌ಬರ್ಗ್ 1950ರಲ್ಲಿ ಅದನ್ನು ಸಾಧಿಸಿದರು, ಅವರು ಬ್ಯಾಂಕರು. ನಮ್ಮಂಥವರು ಒಂದು ಓಣಿ ಹಿಡಿಯಬೇಕು.

ನನ್ನನ್ನು ಕೇಳಿದರೆ ಮೊದಲ ಓಣಿ 1908ರಿಂದ 1929ರವರೆಗಿನ ಇಂಡಿಯನ್ (ಅಮೆರಿಕದ ಮೂಲನಿವಾಸಿಯ ತಲೆಯಿರುವ) ಕ್ವಾರ್ಟರ್ ಈಗಲ್. ಇಡೀ ಸಾಲಿನಲ್ಲಿ ಹದಿನೈದೇ ನಾಣ್ಯ. ಬೆಲಾ ಲಯನ್ ಪ್ರ್ಯಾಟ್ ಎಂಬ ಶಿಲ್ಪಿಯ ವಿನ್ಯಾಸ, ಚಿತ್ರ ಉಬ್ಬಿಲ್ಲ, ಒಳಕ್ಕೆ ಕೊರೆದಂತಿದೆ. ಬಂದ ಹೊಸತರಲ್ಲಿ ಗುಂಡಿಯಲ್ಲಿ ಕೊಳೆ ಕೂತು ರೋಗ ಹರಡೀತು ಎಂದು ತಕರಾರೆತ್ತಿದವರೂ ಇದ್ದರು. ಇದರಲ್ಲಿ ಬಯಲೇ, ಅಂದರೆ ಚಿತ್ರದ ಸುತ್ತಲಿನ ಖಾಲಿ ಜಾಗವೇ, ಎತ್ತರದ ಜಾಗವಾದ್ದರಿಂದ ಮೊದಲ ಪೆಟ್ಟು ಬೀಳುವುದೂ ಬಯಲಿಗೇ, ದರ್ಜೆ ಕಟ್ಟುವುದು ಕಷ್ಟ. ಕಷ್ಟವಾಗಿರುವುದರಿಂದಲೇ ಕಣ್ಣು ಬೇಗ ಪಳಗುತ್ತದೆ. 1911ರ ಡೆನ್ವರ್ ನಾಣ್ಯ ಹೊಡೆದದ್ದು 55,680, ಸಾಲಿನ ಬೀಗದ ಕೈ, ಅಂದರೆ ಸಿಗಲು ಅತಿ ಕಷ್ಟವಾದದ್ದು, ಅದೇ. ಡಿ ಅಕ್ಷರ ಹಲವು ಸಲ ಮಸುಕಾಗಿರುತ್ತದೆ, ಮತ್ತು ಫಿಲಡೆಲ್ಫಿಯಾದ ನಾಣ್ಯಕ್ಕೆ ಡಿ ಅಂಟಿಸಿ ಮಾರಿದ ಉದಾಹರಣೆಗಳೂ ಇವೆ. 1914ರದ್ದು 63ರವರೆಗೆ ಸಾಧುವಾಗಿ ಸಿಗುತ್ತದೆ, 65 ಹುಡುಕಿದರೆ ಸತಾಯಿಸುತ್ತದೆ. ಉಳಿದವು 62, 63ರ ದರ್ಜೆಯಲ್ಲಿ ಮಧ್ಯಮ ವರ್ಗದ ಕೈಗೆಟುಕುತ್ತವೆ.

ಇನ್ನೊಂದು ಓಣಿ ಎಂಟು ಮಾದರಿಯದು: ಎರಡೂವರೆ, ಐದು, ಹತ್ತು, ಇಪ್ಪತ್ತು ಡಾಲರಿನ ನಾಲ್ಕು ಬೆಲೆಗಳಲ್ಲಿ ಹಳೆಯ ಲಿಬರ್ಟಿ (ಸ್ವಾತಂತ್ರ್ಯದ ಸಂಕೇತವಾದ ಹೆಣ್ಣು) ತಲೆಯದು ಒಂದೊಂದು, 1907–08ರಲ್ಲಿ ಬಂದ ಹೊಸ ವಿನ್ಯಾಸದ್ದು ಒಂದೊಂದು. ವರ್ಷದ ಹಂಗಿಲ್ಲ, ಆದ್ದರಿಂದ ಎಂಟಕ್ಕೂ ಸುಲಭ ವರ್ಷಗಳನ್ನೇ ಆರಿಸಿ ದರ್ಜೆಯಲ್ಲಿ ಮೇಲಕ್ಕೆ ಹೋಗಬಹುದು. ಹಣವಿದ್ದು ಒಂದೇ ನಾಣ್ಯ ಸಾಕೆನ್ನುವವರಿಗೆ 1907ರ ಹೈ ರಿಲೀಫ್ ಡಬಲ್ ಈಗಲ್, ಅಂದರೆ ಚಿತ್ರ ಎತ್ತರಕ್ಕೆ ಉಬ್ಬಿರುವುದು. ನಾಣ್ಯಗಳು ಪ್ರಾಚೀನ ಗ್ರೀಕರವುಗಳಂತೆ ಉಬ್ಬಿರಬೇಕೆಂದು ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಟ ಹಿಡಿದರು, ಆಗಸ್ಟಸ್ ಸೇಂಟ್-ಗಾಡೆನ್ಸ್ ಕಾಯಿಲೆಯಲ್ಲೇ ಕೆತ್ತಿದರು, ಟಂಕಸಾಲೆಯವರು ಒಂದೊಂದನ್ನೂ ಹಲವು ಏಟು ಕೊಟ್ಟು ಹೊಡೆಯಬೇಕಾಗಿ ಬಂದು ಗೊಣಗಿದರು. ಶಿಲ್ಪಿ ಆ ನಾಣ್ಯ ಜನರ ಕೈಗೆ ಬರುವ ಮೊದಲೇ, 1907ರ ಆಗಸ್ಟಿನಲ್ಲಿ ತೀರಿಕೊಂಡರು. ಹೊಡೆದದ್ದು ಸುಮಾರು ಹನ್ನೆರಡು ಸಾವಿರ. ಚಂದವಿದೆ ಎಂದು ಜನ ಆಗಲೇ ಎತ್ತಿಟ್ಟುಕೊಂಡದ್ದರಿಂದ ಒಳ್ಳೆಯವು ಈಗಲೂ ಸಿಗುತ್ತವೆ.

ಕಣ್ಣಿಗೆ ಪಾಠ

ಬೇಕಾದದ್ದು ಮೂರೇ: ಐದರಿಂದ ಏಳು ಪಟ್ಟು ದೊಡ್ಡದಾಗಿ ತೋರಿಸುವ ಒಳ್ಳೆಯ ಲೂಪ್, ಹಳೆಯ ಕಾಲದ ಬುರುಡೆ ಬಲ್ಬಿನ ಒಂದು ಮೇಜುದೀಪ, ಕತ್ತಲೆ ಕೋಣೆ. ಟ್ಯೂಬ್‌ಲೈಟಿನಲ್ಲಿ ಚಿನ್ನದ ಗೀರು ಅಡಗಿಕೊಳ್ಳುತ್ತದೆ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ದೀಪದಡಿ ನಿಧಾನವಾಗಿ ಓಲಾಡಿಸಿ. ಅಸಲಿ ಮೆರುಗು ಇದ್ದರೆ ಬೆಳಕಿನ ಪಟ್ಟೆ ಗಾಡಿಯ ಚಕ್ರದ ಅರೆಕಾಲಿನಂತೆ ತಡೆಯಿಲ್ಲದೆ ಸುತ್ತುತ್ತದೆ. ಉಜ್ಜಿ ತೊಳೆದ ನಾಣ್ಯದಲ್ಲಿ ಬೆಳಕು ಒಂದೇ ಸಲ ಫಳ್ಳೆಂದು ಅಲ್ಲೇ ಸಾಯುತ್ತದೆ.

ಡಬಲ್ ಈಗಲ್‌ನ ಲಿಬರ್ಟಿ ತಲೆಯಲ್ಲಿ ಕೆನ್ನೆಯನ್ನೂ ಕಣ್ಣಿನ ಮೇಲಿನ ಕೂದಲನ್ನೂ ನೋಡಿ, ಸೇಂಟ್-ಗಾಡೆನ್ಸ್ ವಿನ್ಯಾಸದಲ್ಲಿ ನಿಂತ ಹೆಣ್ಣಿನ ಎದೆ ಮತ್ತು ಮೊಣಕಾಲನ್ನು. ಅಂಚಿನ ಬಳಿ ಇರುವ ಗೀರಿಗೆ ಕ್ಷಮೆಯಿದೆ, ಕೆನ್ನೆ ನಡುವಿನದಕ್ಕಿಲ್ಲ. ಕೆಂಪು ಚುಕ್ಕೆ ಕಂಡರೆ ಹೆದರಬೇಡಿ, ಅದು ಸರಿಯಾಗಿ ಬೆರೆಯದ ತಾಮ್ರ. ಕೆಲವರಿಗೆ ಅದೇ ಇಷ್ಟ, ನನಗಂತೂ ಮುಖದ ಮೇಲಿದ್ದರೆ ಬೇಡ.

ನಾನೊಂದು ಪಾಠ ದುಡ್ಡು ಕೊಟ್ಟು ಕಲಿತೆ. ಮೊದಲ ಮೇಳದಲ್ಲೇ, ದರ್ಜೆ ಕಟ್ಟುವ ಸಂಸ್ಥೆಯ ಡಬ್ಬಿಯಿಲ್ಲದ ಹಾಫ್ ಈಗಲ್ ಒಂದನ್ನು, ಹೊಸ ಮದುಮಗಳಂತೆ ಹೊಳೆಯುತ್ತಿದೆ ಎಂದು ಕೊಂಡೆ. ದರ್ಜೆ ಕಟ್ಟಲು ಕಳಿಸಿದರೆ ‘ತೊಳೆದದ್ದು’ ಎಂಬ ಟಿಪ್ಪಣಿಯೊಂದಿಗೆ, ಅಂಕಿಯೇ ಇಲ್ಲದೆ ಹಿಂದಿರುಗಿತು. ಮಾರಿದವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ನೋಡಲು ಎಲ್ಲಿಗೆ ಹೋಗಬೇಕು? ದೊಡ್ಡ ಹರಾಜುಗಳ ಮುನ್ನೋಟಕ್ಕೆ. ಕೊಳ್ಳದಿದ್ದರೂ ಕೂತು ನೂರಾರು ನಾಣ್ಯ ಕೈಯಲ್ಲಿ ಹಿಡಿದು ನೋಡಬಹುದು. ಜನವರಿಯಲ್ಲಿ ಫ್ಲಾರಿಡಾದಲ್ಲಿ ನಡೆಯುವ ಫನ್ (ಫ್ಲಾರಿಡಾ ಯುನೈಟೆಡ್ ನ್ಯೂಮಿಸ್ಮ್ಯಾಟಿಸ್ಟ್ಸ್) ನಾಣ್ಯಮೇಳ, ಬೇಸಿಗೆಯಲ್ಲಿ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ನಡೆಸುವ ಮೇಳ, ಎರಡೂ ಇದಕ್ಕೆ ಪ್ರಶಸ್ತ. ಡಬ್ಬಿಯ ಮೇಲೆ ದರ್ಜೆಯ ಅಂಕಿ ಬರೆದ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ನೀವೇ ಒಂದು ಅಂಕಿ ಹೇಳಿಕೊಳ್ಳಿ, ಆಮೇಲೆ ಬೆರಳು ತೆಗೆಯಿರಿ. ಹತ್ತರಲ್ಲಿ ಎಂಟು ಸಲ ಒಂದಂಕಿಯ ಒಳಗೆ ಬಂದಿರಾದರೆ ಪರ್ಸು ತೆರೆಯಬಹುದು.

ಡಬ್ಬಿ, ಚೀಟಿ, ನಕಲಿ

ಈಗ ಬಹುಪಾಲು ವ್ಯಾಪಾರ ನಡೆಯುವುದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗಿನ ನಾಣ್ಯಗಳದ್ದು. ನಾಣ್ಯಕ್ಕೆ ದರ್ಜೆ ಕಟ್ಟಿ ಡಬ್ಬಿಗೆ ಹಾಕುವ ಸಂಸ್ಥೆಗಳಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಈ ಕೆಲಸ ಶುರುಮಾಡಿದವು. ಚಿನ್ನಕ್ಕೆ ಈ ಎರಡರ ಡಬ್ಬಿಯಿಲ್ಲದೆ ಹೊಸಬರು ಕೈಹಾಕಬಾರದು ಎಂಬುದು ನನ್ನ ಹಟ. 2007ರಿಂದ ಸಿಎಸಿ ಎಂಬ ಸಂಸ್ಥೆ ಈ ಡಬ್ಬಿಗಳನ್ನೇ ಮತ್ತೆ ನೋಡಿ, ದರ್ಜೆಗೆ ತಕ್ಕಂತೆ ಗಟ್ಟಿಯಾಗಿದ್ದರೆ ಹಸಿರು ಚೀಟಿ, ದರ್ಜೆಗಿಂತ ಮೇಲಿದ್ದರೆ ಚಿನ್ನದ ಬಣ್ಣದ ಚೀಟಿ ಅಂಟಿಸುತ್ತಾ ಬಂದಿದೆ. ಚೀಟಿಯಿದ್ದದ್ದಕ್ಕೆ ಬೆಲೆ ಹೆಚ್ಚು. ಅದು ಬೇಕೇಬೇಕೆಂದಿಲ್ಲ, ಆದರೆ ಒಂದೇ 65ರೊಳಗೆ ಸೊರಗಿದ 65ಉ, ದಷ್ಟಪುಷ್ಟ 65ಉ ಇರುತ್ತವೆ ಎನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ.

ಸಂಸ್ಥೆಗಳು ಯಾವ ದರ್ಜೆಯಲ್ಲಿ ಎಷ್ಟು ನಾಣ್ಯ ಬಂದಿವೆ ಎಂಬ ಪಟ್ಟಿ ಪ್ರಕಟಿಸುತ್ತವೆ. ಓದುವಾಗ ಒಂದು ಎಚ್ಚರ: ಹೆಚ್ಚಿನ ಅಂಕಿಯಾಸೆಗೆ ಜನ ಡಬ್ಬಿ ಒಡೆದು ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಮೂರು ಸಲ ಹೋದ ಒಂದು ನಾಣ್ಯ ಪಟ್ಟಿಯಲ್ಲಿ ಮೂರಾಗಿ ಕೂತಿರಬಹುದು.

ನಕಲಿಯ ವಿಷಯದಲ್ಲಿ ನಮ್ಮ ಒರೆಗಲ್ಲು ಕೆಲಸಕ್ಕೆ ಬಾರದು. 1974ರ ಕೊನೆಯವರೆಗೂ ಅಮೆರಿಕದಲ್ಲಿ ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿರಲಿಲ್ಲ, ಹಳೆಯ ನಾಣ್ಯ ಇಟ್ಟುಕೊಳ್ಳಬಹುದಿತ್ತು. ಹೀಗಾಗಿ ಲೆಬನಾನಿನಂಥ ಕಡೆ ಅಸಲಿ ಚಿನ್ನದಲ್ಲೇ, ಸರಿಯಾದ ತೂಕಕ್ಕೇ ನಕಲು ಹೊಡೆದರು. ತಕ್ಕಡಿಯೂ ಒಪ್ಪುತ್ತದೆ, ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆದರೂ ಒಪ್ಪುತ್ತದೆ. ಸಿಕ್ಕಿಬೀಳುವುದು ಅಚ್ಚಿನ ಗುಣದಲ್ಲಿ. ಮಬ್ಬು ಅಕ್ಷರ, ಬಯಲಿನಲ್ಲಿ ಅಲ್ಲಲ್ಲಿ ಗುಳಿ, ಒಂದೇ ಜಾಗದಲ್ಲಿ ಒಂದೇ ಕಲೆಯಿರುವ ಹಲವು ನಾಣ್ಯ. 1907ರ ಹೈ ರಿಲೀಫ್ ನಕಲುಗಾರನೊಬ್ಬನಂತೂ ಹದ್ದಿನ ಉಗುರಿನೊಳಗೆ ಗ್ರೀಕ್ ಒಮೇಗಾ ಅಕ್ಷರವನ್ನು ತನ್ನ ಸಹಿಯಂತೆ ಬಿಟ್ಟಿದ್ದಾನೆ, ಕೆಲಸ ಅಷ್ಟು ನಾಜೂಕು. ಈಗ ಡಬ್ಬಿಗಳನ್ನೂ ನಕಲು ಮಾಡುತ್ತಾರೆ. ಆದ್ದರಿಂದ ಡಬ್ಬಿಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಗೀರು ಗೀರಿಗೆ ತಾಳೆ ನೋಡಿ. ಸಂಖ್ಯೆ ಸರಿಯಿದ್ದು ಗೀರು ಬೇರೆಯಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ನಕಲಿಗಿಂತ ಹೆಚ್ಚು ಕಾಡುವುದು ‘ವೈದ್ಯ’ರು. ಗೀರು ಕಾಣದಂತೆ ತೆಳುವಾಗಿ ಮೇಣದಂಥದ್ದನ್ನು ಮೆತ್ತುವವರು ಇವರು. ಮೊದಲಿಗೆ ನುಣ್ಣಗೆ ಕಾಣುತ್ತದೆ, ಕೆಲವು ವರ್ಷದಲ್ಲಿ ಬಿಳಿಚಿಕೊಂಡು ಮಂಜು ಕವಿಯುತ್ತದೆ. ಹಾಗೆಯೇ ಆಭರಣದಿಂದ ಬಿಡಿಸಿದ ನಾಣ್ಯ. ನಮ್ಮಲ್ಲಿ ಕಾಸಿಗೆ ಕೊಂಡಿ ಬೆಸೆದಂತೆ ಇಲ್ಲೂ ಲಾಕೆಟ್ಟಿಗೆ ಬೆಸೆಯುತ್ತಿದ್ದರು. ಕೊಂಡಿ ಕಿತ್ತ ಜಾಗವನ್ನು ಅಂಚಿನಲ್ಲಿ ಹನ್ನೆರಡು ಗಂಟೆಯ ಮುಳ್ಳಿರುವ ಕಡೆ ಹುಡುಕಿ.

ಕೊಳ್ಳುವಾಗ

ಹರಾಜಿನಲ್ಲಿ ಕೂಗಿದ ಬೆಲೆ ಕೊಡುವ ಬೆಲೆಯಲ್ಲ, ಅದರ ಮೇಲೆ ಕೊಳ್ಳುವವನ ಶುಲ್ಕವಿದೆ. ಶುಲ್ಕ ನೂರಕ್ಕೆ ಇಪ್ಪತ್ತು ಎಂದಿಟ್ಟುಕೊಂಡರೆ, ಆರು ಸಾವಿರ ಡಾಲರಿನ ಮೇಲೆ ಹೋಗಬಾರದು ಎಂದಿರುವವರು ಐದು ಸಾವಿರಕ್ಕೆ ಕೈ ಇಳಿಸಬೇಕು. ಈ ಸಂಖ್ಯೆಯನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದಿಡಿ. ಹಳೆಯ ಹರಾಜುಗಳ ಬೆಲೆ ದೊಡ್ಡ ಹರಾಜು ಮನೆಗಳ ತಾಣದಲ್ಲಿ ಸಿಗುತ್ತದೆ. ಬೆಲೆಪಟ್ಟಿಗಿಂತ ಅದನ್ನು ನಂಬಿ. ನಂಬುವಾಗಲೂ ಆ ದಿನ ಚಿನ್ನದ ದರ ಎಷ್ಟಿತ್ತು ನೋಡಿ, ಯಾಕೆಂದರೆ ಸುಲಭ ವರ್ಷದ ಡಬಲ್ ಈಗಲ್ 62, 63ರವರೆಗೂ ಚಿನ್ನದ ದರದ ಬಾಲ ಹಿಡಿದೇ ಓಡಾಡುತ್ತದೆ. ಎರಡು ಮಧ್ಯಮದ ಬದಲು ಒಂದು ಒಳ್ಳೆಯದು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ನಾನು ಅದನ್ನು ಅರ್ಧ ಒಪ್ಪುತ್ತೇನೆ: ಅಂಕಿಯಲ್ಲಿ ಒಂದು ಮೆಟ್ಟಿಲು ಕೆಳಗಿದ್ದು ಮುಖ ಚೆನ್ನಾಗಿರುವ ನಾಣ್ಯ ಹಲವು ಸಲ ಮೇಲಿನ ಮೆಟ್ಟಿಲಿನ ಸಪ್ಪೆ ನಾಣ್ಯಕ್ಕಿಂತ ಕಣ್ಣಿಗೂ ಹಿತ, ಜೇಬಿಗೂ ಹಿತ.

ಮನೆಗೆ ತಂದ ಮೇಲೆ

ತೊಳೆಯಬೇಡಿ. ಅಂಟುವಾಳದ ನೊರೆ ಬೇಡ, ಹುಣಸೆಹುಳಿ ಬೇಡ, ಕನ್ನಡಕ ಒರೆಸುವ ಬಟ್ಟೆಯೂ ಬೇಡ. ಡಬ್ಬಿಯನ್ನು ಒಣಗಿದ ಜಾಗದಲ್ಲಿಡಿ. ಬ್ಯಾಂಕಿನ ಲಾಕರಿನಲ್ಲಿಟ್ಟರೆ ಒಳಗಿನ ವಸ್ತುವಿಗೆ ಸರ್ಕಾರಿ ಠೇವಣಿ ವಿಮೆ ಅನ್ವಯಿಸುವುದಿಲ್ಲ, ಮನೆಯ ವಿಮೆಯಲ್ಲೂ ನಾಣ್ಯಕ್ಕಿರುವ ಮಿತಿ ಬಹಳ ಕಡಿಮೆ, ಹಾಗಾಗಿ ಪ್ರತ್ಯೇಕ ವಿಮೆ ಮಾಡಿಸಿ. ಅಮೆರಿಕದಲ್ಲಿ ತೆರಿಗೆ ಕಟ್ಟುವವರು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೂ ಇಂಥ ಸಂಗ್ರಹದ ವಸ್ತುಗಳ ಲಾಭಕ್ಕೆ ತೆರಿಗೆ ಶೇ. 28ರವರೆಗೆ ಹೋಗಬಹುದು. ಕೊಂಡ ರಸೀದಿ ಎಸೆಯಬೇಡಿ.

ಊರಿಗೆ ಒಯ್ಯುವ ಯೋಚನೆಯಿದ್ದರೆ ಎರಡು ಮಾತು. ಪ್ರಯಾಣಿಕರಿಗೆ ಸಿಗುವ ಚಿನ್ನದ ಸುಂಕ ವಿನಾಯಿತಿ ಒಡವೆಗಷ್ಟೇ, ನಾಣ್ಯಕ್ಕಿಲ್ಲ. ಎರಡನೆಯದನ್ನು ಬಹಳ ಮಂದಿ ಬಲ್ಲವರಲ್ಲ: ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ನಾಣ್ಯವನ್ನೂ ಪ್ರಾಚ್ಯವಸ್ತು ಎಂದು ಎಣಿಸುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದಾಚೆಗೆ ಕಳಿಸುವಂತಿಲ್ಲ. 1908ರ ನಾಣ್ಯವನ್ನು ಮೈಸೂರಿನ ಮನೆಗೆ ಒಯ್ದಿಟ್ಟು, ಮುಂದೊಂದು ದಿನ ನ್ಯೂಯಾರ್ಕಿನ ಹರಾಜಿಗೆ ಕಳಿಸುತ್ತೇನೆ ಎಂದುಕೊಂಡವರು ಮೊದಲು ವಕೀಲರನ್ನು ಕಾಣಬೇಕು.

ಪ್ರತಿ ನಾಣ್ಯದ ವರ್ಷ, ಗುರುತು, ದರ್ಜೆ, ಡಬ್ಬಿಯ ಸಂಖ್ಯೆ, ಕೊಟ್ಟ ಬೆಲೆ, ಮಾರುವುದಾದರೆ ಯಾರ ಬಳಿ ಹೋಗಬೇಕು, ಇಷ್ಟನ್ನೂ ಬರೆದು ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಡಿ. ಕನ್ನಡದಲ್ಲೇ ಬರೆದರೂ ಆದೀತು. ಮೇಲ್ಗಡೆ ದಪ್ಪಕ್ಷರದಲ್ಲಿ ಒಂದು ಸಾಲು ಇರಲಿ: ಡಬ್ಬಿ ಒಡೆಯಬೇಡಿ, ತೂಕಕ್ಕೆ ಹಾಕಬೇಡಿ.